ಕೋಯ್ತಾ, ಕೈದು, ಹತಾರ: ಆಯುಧ ಹಿಡಿಯುವ ಮಾತುಗಳು

ಪುಣೆಯ ವೃತ್ತಪತ್ರಿಕೆಗಳಲ್ಲಿ 2022ರ ಕೊನೆಯ ವಾರಗಳಿಂದ ಒಂದು ಶಬ್ದಯುಗ್ಮ ಗಟ್ಟಿಯಾಗಿ ಬೇರೂರಿತು: 'ಕೋಯ್ತಾ ಗ್ಯಾಂಗ್'. ಹದಿಹರೆಯದ ಹುಡುಗರೂ ಸೇರಿದ ಪುಂಡರ ತಂಡಗಳು ಕೈಯಲ್ಲಿ ಕೋಯ್ತಾ ಝಳಪಿಸುತ್ತ ನಗರದ ಹೊರವಲಯದ ಬೀದಿಗಳಲ್ಲಿ ವಾಹನಗಳ ಗಾಜು ಒಡೆದು, ಅಂಗಡಿಕಾರರನ್ನು ಬೆದರಿಸಿ ಹೋಗುವುದು ಆಗ ದಿನದ ಸುದ್ದಿಯಾಗಿತ್ತು. 2023ರಲ್ಲಿ ಕೋಯ್ತಾ ಮಾರುವವರು ಕೊಳ್ಳುವವರ ಗುರುತಿನ ದಾಖಲೆಯನ್ನು ಕೇಳಬೇಕೆಂದು ಪೊಲೀಸರು ಸೂಚಿಸುವವರೆಗೆ ವಿಷಯ ಬೆಳೆಯಿತು. ಅಪರಾಧದ ವಿಚಾರ ಪೊಲೀಸರಿಗೆ ಮತ್ತು ನ್ಯಾಯಾಲಯಗಳಿಗೆ ಸೇರಿದ್ದು. ಭಾಷೆಯ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ಬೇರೆಯೇ ಒಂದು ಸಂಗತಿ: ಈ ಯುಗ್ಮದ ಅರ್ಧಭಾಗ ಇಂಗ್ಲಿಷಿನದು, ಇನ್ನರ್ಧ, ಮರಾಠಿಯ ಉಡುಪು ತೊಟ್ಟಿದ್ದರೂ, ಕನ್ನಡದ ನೆಂಟ.

'ಕೋಯ್ತಾ' ಎಂಬುದರಲ್ಲಿ 'ಕೊಯ್' ಧಾತುವಿನ ಗುರುತು ಮರೆಯಾಗಿಲ್ಲ. ಕನ್ನಡದ ಕೊಯ್, ತಮಿಳಿನ ಕೊಯ್, ಮಲಯಾಳದ ಕೊಯ್ಯು, ತೆಲುಗಿನ ಕೋಯು, ತುಳುವಿನ ಕೊಯಿ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಕೃಷ್ಣೆಯಿಂದ ಮೇಲಕ್ಕೆ ಮರಾಠಿಯ ಒಕ್ಕಲುತನದ ಶಬ್ದಕೋಶವನ್ನು ಕೆದಕಿದಲ್ಲೆಲ್ಲ ಇಂಥ ಬೇರುಗಳು ಕೈಗೆ ತಾಗುತ್ತವೆ. ಶಂಬಾ ಜೋಶಿಯವರು 1952ರಲ್ಲಿ ಮರಾಠಿಯಲ್ಲಿಯೇ 'ಮರ್ಹಾಟಿ ಸಂಸ್ಕೃತಿ'ಯನ್ನು ಬರೆದು ಈ ನಂಟನ್ನು ಮರಾಠಿ ವಿದ್ವಾಂಸರ ಮುಂದಿಟ್ಟದ್ದು ಸುಮ್ಮನೆ ಅಲ್ಲ. ಅವರ ಎಲ್ಲ ನಿರ್ಣಯಗಳನ್ನೂ ಒಪ್ಪಬೇಕೆಂದಿಲ್ಲ. ಆದರೆ ಕೊಯ್ಯುವ ಕೆಲಸ, ಕೊಯ್ಯುವ ಸಲಕರಣೆ ಮತ್ತು ಅದರ ಹೆಸರು ಈ ಮೂರೂ ಎರಡು ಭಾಷೆಗಳ ನಡುವಿನ ಗಡಿಯನ್ನು ಲೆಕ್ಕಕ್ಕೆ ಹಿಡಿಯದೆ ಓಡಾಡಿವೆ ಎಂಬುದರಲ್ಲಿ ಸಂಶಯವಿಲ್ಲ.

ಈ ಶಬ್ದಕ್ಕೆ ಗ್ಯಾಂಗಿನ ಸಹವಾಸ ಒದಗುವ ಮೊದಲೇ ಇನ್ನೊಂದು ಲಾಕ್ಷಣಿಕ ಅರ್ಥವಿತ್ತು. ಬೀಡ ಮೊದಲಾದ ಬರಪೀಡಿತ ಜಿಲ್ಲೆಗಳಿಂದ ಪಶ್ಚಿಮ ಮಹಾರಾಷ್ಟ್ರದ ಮತ್ತು ಬೆಳಗಾವಿ, ಬಾಗಲಕೋಟೆಗಳ ಸಕ್ಕರೆ ಕಾರ್ಖಾನೆಗಳಿಗೆ ಪ್ರತಿವರ್ಷ ಕಬ್ಬು ಕಡಿಯಲು ವಲಸೆ ಬರುವ ಕೂಲಿಕಾರರನ್ನು ಗುತ್ತಿಗೆಯ ಮುಕಾದಮನು ತಲೆಯ ಲೆಕ್ಕದಲ್ಲಿ ಎಣಿಸುವುದಿಲ್ಲ. ಕೋಯ್ತಾದ ಲೆಕ್ಕದಲ್ಲಿ ಎಣಿಸುತ್ತಾನೆ. ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ. ಜೊತೆಯಿಲ್ಲದೆ ಒಂಟಿಯಾಗಿ ಬಂದವನು ಅರ್ಧ ಕೋಯ್ತಾ. ಹಂಗಾಮಿಗೆ ಮೊದಲು ಕೊಡುವ ಮುಂಗಡ, ಅಂದರೆ 'ಉಚಲ್', ಈ ಏಕಮಾನಕ್ಕೇ ಸಲ್ಲುತ್ತದೆ. ಒಬ್ಬರು ಕೆಲಸ ತಪ್ಪಿಸಿದರೆ ಆಗುವ ಕಡಿತವೂ ಈ ಏಕಮಾನದ ಮೇಲೆಯೇ ಬೀಳುತ್ತದೆ. ಹೆಂಡತಿಗೆ ಬೇರೆ ಹೆಸರಿಲ್ಲ, ಬೇರೆ ಕೂಲಿಯೂ ಇಲ್ಲ. ಅವಳು ಕೋಯ್ತಾದ ಅರ್ಧಭಾಗ. ಅಲಂಕಾರಶಾಸ್ತ್ರದ ಪಾಠ ಹೇಳುವವರು ಲಕ್ಷಣೆಗೆ ಉದಾಹರಣೆಯಾಗಿ 'ಗಂಗೆಯಲ್ಲಿ ಹಳ್ಳಿ'ಯನ್ನೇ ತಲೆಮಾರುಗಳಿಂದ ಕೊಡುತ್ತ ಬಂದಿದ್ದಾರೆ. ಇಬ್ಬರು ಮನುಷ್ಯರು ಒಂದು ಕತ್ತಿಯಾಗುವ ಈ ಲಕ್ಷಣೆಯನ್ನೂ ಒಮ್ಮೆ ಕರಿಹಲಗೆಯ ಮೇಲೆ ಬರೆಯಬಹುದು.

ಇಂಗ್ಲಿಷಿನಲ್ಲಿಯೂ ಇಂಥ ಎಣಿಕೆಯುಂಟು. ಕಾರಖಾನೆಯ ಕೂಲಿಯವನು ಆ ಭಾಷೆಯಲ್ಲಿ 'ಹ್ಯಾಂಡ್'. ಕಾಲಾಳುಗಳ ಸಂಖ್ಯೆಯನ್ನು 'ಬಯೋನೆಟ್'ಗಳಲ್ಲಿ, ರಾವುತರ ಸಂಖ್ಯೆಯನ್ನು 'ಸೇಬರ್'ಗಳಲ್ಲಿ ಹೇಳುವುದು ಸೈನ್ಯದ ವಾಡಿಕೆ. ಹಣಕ್ಕೆ ಕೊಲ್ಲುವವನು 'ಹೈಯರ್ಡ್ ಗನ್'. ಕನ್ನಡವು ಒಕ್ಕಲನ್ನು ನೇಗಿಲಿನಿಂದ ಎಣಿಸಿತು. 'ಎರಡು ನೇಗಿಲ ಒಕ್ಕಲುತನ' ಎಂದಾಗ ಅದರಲ್ಲಿ ಕೊಂಚ ಗೌರವವೂ ಇತ್ತು. ಕೋಯ್ತಾದ ಎಣಿಕೆಯಲ್ಲಿ ಆ ಗೌರವ ಉಳಿದಿಲ್ಲ. ಹೀಗಿರುವಾಗ ಅದೇ ಶಬ್ದ ನಗರದ ಪತ್ರಿಕೆಗಳಲ್ಲಿ ದರೋಡೆಕೋರನ ವಿಶೇಷಣವಾದದ್ದರ ಪರಿಣಾಮವೇನು? ಪುಣೆಯ ಸುತ್ತಿನ ತಾಲ್ಲೂಕುಗಳಲ್ಲಿ, ಬಾರಾಮತಿಯ ಕಡೆಯ ಕಬ್ಬಿನ ಗದ್ದೆಗಳಲ್ಲಿ, ನಿಜವಾದ ಕೋಯ್ತಾ ಸಾವಿರಾರು ಮಂದಿಯ ಅನ್ನದ ಸಾಧನ. ಆ ಸಾಧನದ ಹೆಸರೇ ಭಯದ ಹೆಸರಾದರೆ, ಹೆಗಲ ಮೇಲೆ ಅದನ್ನು ಇಟ್ಟುಕೊಂಡು ರಾತ್ರಿ ಬಸ್ ನಿಲ್ದಾಣದಲ್ಲಿ ಇಳಿಯುವ ಕೂಲಿಯವನು ಪಾಪ ಯಾರ ಕಣ್ಣಿಗೆ ಹೇಗೆ ಕಂಡಾನು?

ಇಂಗ್ಲಿಷ್ ಪತ್ರಿಕೆಗಳು ಈ ತಂಡಗಳನ್ನು 'ವೀಲ್ಡಿಂಗ್' ಎಂಬ ಪದದಿಂದ ಬಣ್ಣಿಸುತ್ತವೆ. ಆಯುಧದ ವಿಷಯದಲ್ಲಿ ಇಂಗ್ಲಿಷ್ ಕ್ರಿಯಾಪದಗಳ ನಡುವಿನ ಅಂತರ ಸೂಕ್ಷ್ಮವಾದದ್ದು. 'ಕ್ಯಾರಿ' ಎಂದರೆ ಜೊತೆಯಲ್ಲಿ ಒಯ್ಯುವುದು. 'ವೀಲ್ಡ್' ಎಂದರೆ ಕೈಯಲ್ಲಿ ಆಡಿಸುವುದು, ಅಧಿಕಾರವನ್ನು ಚಲಾಯಿಸುವುದಕ್ಕೂ ಅದೇ ಮಾತು. 'ಬ್ರಾಂಡಿಷ್' ಎಂದರೆ ಬೆದರಿಸಲು ಝಳಪಿಸುವುದು. 'ಪ್ಯಾಕ್' ಎಂದರೆ ಬಟ್ಟೆಯೊಳಗೆ ಅಡಗಿಸಿ ಇಟ್ಟುಕೊಳ್ಳುವುದು. ಇವುಗಳಲ್ಲೆಲ್ಲ ತೊಡಕಿನದು 'ಬೇರ್ ಆರ್ಮ್ಸ್'. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ಈ ಮಾತು ಬಂದಿದೆ. ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಮುಂದೆ 2008ರಲ್ಲಿ ಬಂದ ಹೆಲ್ಲರ್ ಪ್ರಕರಣದ ತಿರುಳಿನ ಪ್ರಶ್ನೆಗಳಲ್ಲೊಂದು ವ್ಯಾಕರಣದ ಪ್ರಶ್ನೆ: ಈ ಮಾತನ್ನು ವಾಚ್ಯಾರ್ಥದಲ್ಲಿ 'ಆಯುಧವನ್ನು ಮೈಮೇಲೆ ಇಟ್ಟುಕೊಂಡು ತಿರುಗುವುದು' ಎಂದು ತಿಳಿಯಬೇಕೋ, ನುಡಿಗಟ್ಟಾಗಿ 'ಸೈನಿಕನಾಗಿ ಸೇವೆ ಸಲ್ಲಿಸುವುದು' ಎಂದು ತಿಳಿಯಬೇಕೋ? ನ್ಯಾಯಮೂರ್ತಿ ಸ್ಕಾಲಿಯ ಬರೆದ ಬಹುಮತದ ತೀರ್ಪು ಮೊದಲನೆಯದನ್ನು ಹಿಡಿಯಿತು, ನ್ಯಾಯಮೂರ್ತಿ ಸ್ಟೀವನ್ಸ್ ಎರಡನೆಯದನ್ನು. ಐವರ ಎದುರು ನಾಲ್ವರು. ಒಂದೇ ಕ್ರಿಯಾಪದಕ್ಕೆ ವಾಚ್ಯವನ್ನೂ ನುಡಿಗಟ್ಟನ್ನೂ ಏಕಕಾಲಕ್ಕೆ ಹೊರಿಸಲಾಗದೆಂದು ತೋರಿಸಲು ಸ್ಕಾಲಿಯ ಒಂದು ತಮಾಷೆಯ ಉದಾಹರಣೆಯನ್ನು ಕೊಟ್ಟಿದ್ದಾರೆ. 'ಬಕೆಟ್ಟನ್ನು ಒದೆಯುವುದು' ಎಂದರೆ ಇಂಗ್ಲಿಷಿನಲ್ಲಿ ಸಾಯುವುದು, ಒಬ್ಬನು ಬಕೆಟ್ಟನ್ನು ತುಂಬಿ ಒದ್ದನು ಎಂದರೆ ನೀರು ತುಂಬಿ ಸತ್ತನೆಂದು ಅರ್ಥವಾದೀತೇ ಎಂಬ ಧಾಟಿಯದು. ಕನ್ನಡದಲ್ಲಿ ಇದಕ್ಕೆ ಸಮನಾದುದನ್ನು ಹುಡುಕಲು ದೂರ ಹೋಗಬೇಕಾಗಿಲ್ಲ: 'ಬೆಳಿಗ್ಗೆ ಗಿಡಕ್ಕೆ ನೀರನ್ನೂ ಸಂಜೆ ಗೆಳೆಯರೊಡನೆ ಗುಂಡನ್ನೂ ಹಾಕಿದ.' ಗುಂಡು ಹಾಕುವುದರಲ್ಲಿ ಸೀಸದ ವಾಸನೆ ಎಂದೋ ಹೋಗಿ ಬೇರೆ ವಾಸನೆ ಸೇರಿದೆ.

ಸ್ಕಾಲಿಯ ಉದಾಹರಣೆ ಚೆನ್ನಾಗಿದೆ. ಆದರೆ ಭಾಷಾವಿಜ್ಞಾನದ ದೃಷ್ಟಿಯಿಂದ ತೀರ್ಪು ಗಟ್ಟಿಯಾಗಿದೆ ಎನ್ನಲಾಗದು. ಡೆನ್ನಿಸ್ ಬ್ಯಾರನ್ ಮೊದಲಾದ ಭಾಷಾವಿಜ್ಞಾನಿಗಳು ಆ ಪ್ರಕರಣದಲ್ಲಿಯೇ ನುಡಿಗಟ್ಟಿನ ಪರವಾಗಿ ವಾದಿಸಿದ್ದರು. ತೀರ್ಪಿನ ಅನಂತರ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವು ಆ ಕಾಲದ ಇಂಗ್ಲಿಷ್ ಬರಹಗಳ ದೊಡ್ಡ ದತ್ತಕೋಶವನ್ನು ಸಿದ್ಧಪಡಿಸಿದಾಗ ಈ ಮಾತಿನ ಪ್ರಯೋಗಗಳು ಬಹುತೇಕ ಯುದ್ಧ ಮತ್ತು ಸೈನ್ಯದ ಸಂದರ್ಭದವೇ ಎಂಬುದು ಕಂಡುಬಂತು. 2022ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಈ ಹಕ್ಕನ್ನು ಮನೆಯ ಹೊರಗಿನ ಬೀದಿಗೂ ವಿಸ್ತರಿಸಿತು. ಒಂದು ನುಡಿಗಟ್ಟನ್ನು ಬಿಡಿಸಿ ಓದಿದ್ದರ ಭಾರವನ್ನು ಒಂದು ದೇಶವೇ ಹೊರುತ್ತಿದೆ.

ಕನ್ನಡದಲ್ಲಿ ಆಯುಧಕ್ಕೆ ಸಹಜವಾಗಿ ಒಗ್ಗುವ ಕ್ರಿಯಾಪದ 'ಹೊರು' ಅಲ್ಲ, 'ಹಿಡಿ'. ಹಳಗನ್ನಡದಲ್ಲಿ 'ಕೈದುವಿಡಿ', 'ಕೈದುಗೊಳ್'. 'ಕೈದು' ಎಂಬ ಮಾತು 'ಕೈ'ಯನ್ನು ಕಿವಿಗೆ ತರುತ್ತದೆ. ಉತ್ತರದಿಂದ ಬಂದ 'ಹತಾರ'ದಲ್ಲಿಯೂ ಹಿಂದಿ, ಮರಾಠಿಗಳ ಕೈ, ಅಂದರೆ 'ಹಾಥ್', 'ಹಾತ' ಇದೆ. ಸೋಜಿಗವೆಂದರೆ ಇಂಗ್ಲಿಷಿನ 'ಆರ್ಮ್ಸ್' ಕೂಡ ತೋಳಿನ ಹೆಸರಿನೊಡನೆ ಒಂದೇ ಉಚ್ಚಾರಣೆಯನ್ನು ಹಂಚಿಕೊಂಡಿದೆ. ಆಯುಧವಾಚಿಯಾದದ್ದು ಲ್ಯಾಟಿನ್ನಿನಿಂದ ಬಂದದ್ದು, ತೋಳು ಜರ್ಮಾನಿಕ್ ಮೂಲದ್ದು ಎಂಬ ಭೇದ ನಿಘಂಟಿಗೆ ಮಾತ್ರ ಗೊತ್ತು. ('ಕೈದಿ'ಯನ್ನು ಈ ಸಾಲಿಗೆ ಸೇರಿಸುವ ಉತ್ಸಾಹ ವಿದ್ಯಾರ್ಥಿಗಳಲ್ಲಿ ಆಗಾಗ ಕಾಣುತ್ತದೆ. ಅದು ಅರಬ್ಬಿಯ 'ಕೈದ್'ನಿಂದ ಬಂದದ್ದು. ಅದರ ಕೈಗೆ ಆಯುಧವಿಲ್ಲ, ಕೋಳವಿದೆ.)

ಹಿಡಿಯುವುದಲ್ಲದೆ ಕನ್ನಡ ಒಂದೊಂದು ಆಯುಧಕ್ಕೂ ಒಂದೊಂದು ಕ್ರಿಯೆಯನ್ನು ಮೀಸಲಿಟ್ಟಿತು. ಕತ್ತಿಯನ್ನು ಹಿರಿಯಬೇಕು, ಅಂಬನ್ನು ತೊಡಬೇಕು, ಬಿಲ್ಲಿಗೆ ಹೆದೆಯನ್ನು ಏರಿಸಬೇಕು, ಈಟಿಯನ್ನು ಇಡಬೇಕು, ಕಠಾರಿಯನ್ನು ಸೊಂಟಕ್ಕೆ ಸಿಕ್ಕಿಸಬೇಕು, ಕೋವಿಗೆ ಮದ್ದು ತುಂಬಬೇಕು. ಮದ್ದು ಎಂದರೆ ಔಷಧ, ವಿಷ, ಸಿಡಿಮದ್ದು ಮೂರೂ ಹೌದು. ಹೊರಗಿನಿಂದ ಬಂದ ಆಯುಧಗಳು ತಮ್ಮ ಹೆಸರುಗಳನ್ನು ತಂದವು. ಹೆಸರುಗಳು ದಾರಿಯಲ್ಲಿ ಅರ್ಥವನ್ನು ಬದಲಿಸಿಕೊಂಡವು. 'ಫಿರಂಗಿ' ಇದಕ್ಕೆ ಒಳ್ಳೆಯ ನಿದರ್ಶನ. ಯುರೋಪಿನವನ ಹೆಸರಾದ ಈ ಮಾತು ಮರಾಠರಲ್ಲಿ ಯುರೋಪಿನ ಅಲಗಿನ ನೇರ ಖಡ್ಗಕ್ಕೆ ಹೆಸರಾಯಿತು. ಕನ್ನಡದಲ್ಲಿ ತೋಪಿಗೆ ಹೆಸರಾಯಿತು. ಪುಣೆಯ ವಸ್ತುಸಂಗ್ರಹಾಲಯದಲ್ಲಿ 'ಫಿರಂಗ' ಎಂಬ ಚೀಟಿಯ ಹಿಂದೆ ತೋಪನ್ನು ಹುಡುಕುವ ಕನ್ನಡಿಗನು ಕತ್ತಿಯ ಮುಂದೆ ನಿಂತಿರುತ್ತಾನೆ. ಇಂಗ್ಲಿಷಿನ 'ಮ್ಯಾಗಜೀನ್' ಇದಕ್ಕಿಂತಲೂ ದೂರ ನಡೆಯಿತು. ಅರಬ್ಬಿಯ ಉಗ್ರಾಣ ಯುರೋಪಿನಲ್ಲಿ ಮದ್ದುಗುಂಡಿನ ಕೋಠಿಯಾಗಿ, ಬಂದೂಕಿನ ಗುಂಡಿನ ಪೆಟ್ಟಿಗೆಯಾಗಿ, 1731ರಲ್ಲಿ ಲಂಡನ್ನಿನ ಒಂದು ಪ್ರಕಟಣೆಯ ಮೂಲಕ ನಿಯತಕಾಲಿಕದ ಹೆಸರೂ ಆಯಿತು. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು 'ಮ್ಯಾಗಜೀನ್' ಎಂದು ಕರೆಯುವ ಹುಡುಗರಿಗೆ ಇದು ನೆನಪಿರಬೇಕಾಗಿಲ್ಲ.

ಆಯುಧದ ಮಾತು ವಾಚ್ಯವಾಗಿ ಮನೆಬಾಗಿಲಿಗೆ ಬಂದ ಪ್ರಸಂಗ 1857ರದು. ಆ ವರ್ಷದ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಹಲವರು ನೇಣಿಗೇರಿದರು. ಆ ಘಟನೆಯ ಲಾವಣಿಯನ್ನು ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಲಾವಣಿಕಾರನು ಬಳಸುವ ಮಾತು 'ಹತಾರ'. ಮರಾಠಿಯಲ್ಲಿ 'ಹತ್ಯಾರ' ಎಂದರೆ ಬಡಗಿಯ ಉಳಿಯೂ ಹೌದು, ಸಿಪಾಯಿಯ ಕತ್ತಿಯೂ ಹೌದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿಯೂ ಹಾಗೆಯೇ. ಸರಕಾರ ಕೇಳಿದ್ದು 'ಆರ್ಮ್ಸ್'. ಬೇಟೆಯಿಂದ ಬದುಕುವ ಬೇಡನಿಗೆ ಕೇಳಿಸಿದ್ದು 'ಹತಾರ'. ಕಸುಬಿನ ಸಾಧನವನ್ನೂ ಕಾಳಗದ ಸಾಧನವನ್ನೂ ಒಂದೇ ಹೆಸರಿನಿಂದ ಕರೆಯುವವನಿಗೆ ಎರಡರಲ್ಲಿ ಒಂದನ್ನು ಮಾತ್ರ ಒಪ್ಪಿಸೆಂದು ಹೇಳುವುದು ಹೇಗೆ? ಹಲಗಲಿಯ ದಂಗೆಗೆ ಭಾಷಾಂತರವೇ ಕಾರಣವೆಂದು ವಾದಿಸುವುದು ಅತಿಯಾದೀತು. ಆದರೆ ಆ ದಂಗೆಯನ್ನು ಓದುವವರು ಈ ಒಂದು ಮಾತಿನ ವ್ಯಾಪ್ತಿಯನ್ನು ಗಮನಿಸದೆ ಹೋಗಬಾರದು.

ಕೊಡಗಿನ ಕತೆ ಇದಕ್ಕೆ ತಿರುವುಮುರುವಾದದ್ದು. ಅಲ್ಲಿ 1861ರಿಂದ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾಯಿದೆಯಿಂದ ವಿನಾಯಿತಿ ಉಂಟು. 1959ರ ಕಾಯಿದೆಯ ಕೆಳಗೂ ಅದು ಮುಂದುವರಿಯಿತು, 2019ರಲ್ಲಿ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ 'ತೋಕ್' ಮಾಡುವ ಕೆಲಸ ಹೆಚ್ಚಾಗಿ ಹೇಳುವ ಕೆಲಸ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು; ಕಣಿವೆಯ ಆಚೆಯ ಮನೆಯವರಿಗೆ ಅದೇ ಓಲೆ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಒಡಿಕತ್ತಿ, ಕೋವಿಗಳಿಗೆ ಹೂವೇರಿಸುತ್ತಾರೆ. ನಾಡಿನ ಉಳಿದೆಡೆಯ ಆಯುಧಪೂಜೆಯಲ್ಲಿ ನೇಗಿಲು, ಲೇತು, ಅಚ್ಚಿನ ಯಂತ್ರ, ಬಸ್ಸುಗಳಿಗೆಲ್ಲ ಕುಂಕುಮ ಬೀಳುತ್ತದೆ. 'ಆಯುಧ' ಎಂಬ ಮಾತಿಗೆ ಇಷ್ಟು ವಿಶಾಲವಾದ ಸಂಸಾರವಿರುವಾಗ ಅದನ್ನು 'ಆರ್ಮ್ಸ್' ಎಂಬ ಒಂದೇ ಗೂಟಕ್ಕೆ ಕಟ್ಟುವುದು ಕಷ್ಟ.

1959ರ ಕಾಯಿದೆಗೂ ಈ ಕಷ್ಟ ತಿಳಿದಿತ್ತು. ಅದರ ವ್ಯಾಖ್ಯೆಯು ಆಕ್ರಮಣಕ್ಕೋ ರಕ್ಷಣೆಗೋ ರೂಪಿಸಿದ ಅಥವಾ ಅಳವಡಿಸಿದ ಎಲ್ಲವನ್ನೂ ಆಯುಧವೆಂದು ಕರೆದು, ಗೃಹಕೃತ್ಯಕ್ಕೋ ವ್ಯವಸಾಯಕ್ಕೋ ಮಾತ್ರವೇ ರೂಪಿಸಿದ್ದನ್ನು, ಲಾಠಿಯನ್ನು, ಸಾಧಾರಣ ಊರುಗೋಲನ್ನು ಹೊರಗಿಡುತ್ತದೆ. ಕೋಯ್ತಾ ನಿಂತಿರುವುದು ಈ ಹೊಸ್ತಿಲ ಮೇಲೆ. ರೂಪಿಸಿದ್ದು ಕಬ್ಬಿಗೆ, ಬೀಸಿದ್ದು ಮನುಷ್ಯನ ಮೇಲೆ. ವಸ್ತುವನ್ನು ನೋಡಿದರೆ ಅದು ಸಲಕರಣೆ, ಕ್ರಿಯಾಪದವನ್ನು ನೋಡಿದರೆ ಆಯುಧ. ಅದಕ್ಕೇ ಇಲ್ಲಿ ನಾಮಪದಕ್ಕಿಂತ ಕ್ರಿಯಾಪದವೇ ಮುಖ್ಯ. 'ಕೋಯ್ತಾ ಹೊಂದಿದ್ದ', 'ಒಯ್ಯುತ್ತಿದ್ದ', 'ಹಿಡಿದಿದ್ದ', 'ಝಳಪಿಸಿದ', 'ಬೀಸಿದ' ಇವು ಒಂದೇ ಅಪರಾಧದ ಐದು ಹೆಸರುಗಳಲ್ಲ. ಮೊದಲಿನ ಮೂರು ಅಪರಾಧವೇ ಆಗದಿರಬಹುದು. ಕನ್ನಡ ಪತ್ರಿಕೆಗಳ ಅಪರಾಧ ವರದಿಗಳಲ್ಲಿ ಈ ಐದನ್ನೂ ಅದಲುಬದಲಾಗಿ ಬಳಸುವ ರೂಢಿ ಬೆಳೆದಿದೆ.

ಅಲ್ಲಿಯೇ ರೂಢಿಯಾಗಿರುವ ಇನ್ನೊಂದು ಮಾತು 'ಮಾರಕಾಸ್ತ್ರ'. ಭಾರತೀಯ ದಂಡಸಂಹಿತೆಯ 'ಡೆಡ್ಲಿ ವೆಪನ್' ಎಂಬುದರ ಕನ್ನಡ ಇದು. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದರೂ ಅನುವಾದ ಬದಲಾಗಲಿಲ್ಲ. ಸಂಸ್ಕೃತದಲ್ಲಿ ಕೈಯಲ್ಲಿ ಹಿಡಿದು ಹೊಡೆಯುವುದು ಶಸ್ತ್ರ, ಎಸೆಯುವುದು ಅಸ್ತ್ರ. ಮಚ್ಚಿನಿಂದ ಕಡಿದವನ ಕೈಗೆ ಪತ್ರಿಕೆಗಳು ಅಸ್ತ್ರವನ್ನು ಕೊಟ್ಟು ಅವನನ್ನು ಅರ್ಜುನನ ಪಂಕ್ತಿಯಲ್ಲಿ ಕೂರಿಸಿವೆ. ರೂಢಿಯೇ ಶಾಸ್ತ್ರಕ್ಕಿಂತ ದೊಡ್ಡದೆಂದು ಇದನ್ನು ಬಿಡಬಹುದು. ಬಿಡಲಾಗದ್ದು 'ದಾಖಲೆಗಳಿಂದ ಶಸ್ತ್ರಸಜ್ಜಿತರಾಗಿ ಸದನಕ್ಕೆ ಬಂದರು' ಎಂಬಂಥ ವಾಕ್ಯ. ಇಂಗ್ಲಿಷಿನಲ್ಲಿ 'ಆರ್ಮ್ಡ್ ವಿತ್' ಎಂಬುದು ಸವೆದುಹೋದ ರೂಪಕ; ಕೊಡೆ ಹಿಡಿದವನೂ ಅಲ್ಲಿ 'ಆರ್ಮ್ಡ್'. ಸವೆದ ನಾಣ್ಯವನ್ನು ಕನ್ನಡದಲ್ಲಿ ಮತ್ತೆ ಅಚ್ಚು ಹಾಕಿದರೆ ಅದರ ಕತ್ತಿಗೆ ಹೊಸ ಹೊಳಪು ಬರುತ್ತದೆ, ಸದನ ರಣರಂಗವಾಗುತ್ತದೆ. ಕನ್ನಡದಲ್ಲಿ ಇದೇ ಕೆಲಸಕ್ಕೆ ಸವೆದ ನಾಣ್ಯ ಮೊದಲೇ ಇತ್ತು: 'ಸನ್ನದ್ಧ'. ಸನ್ನಾಹವೆಂದರೆ ಕವಚ ತೊಡುವುದು. ಸನ್ನದ್ಧನೆಂದರೆ ಕವಚ ತೊಟ್ಟವನು. ಇಂದು ಪರೀಕ್ಷೆಗೆ ಸನ್ನದ್ಧನಾದ ಹುಡುಗನ ಮೈಮೇಲೆ ಕಬ್ಬಿಣವಿಲ್ಲ. 'ರಾಮಬಾಣ' ಅಜೀರ್ಣಕ್ಕೆ ಔಷಧವಾಗಿದೆ, 'ಶಸ್ತ್ರಸನ್ಯಾಸ' ಚುನಾವಣೆಯಿಂದ ಹಿಂದೆಗೆದವರಿಗೆ ಸಂದಿದೆ, 'ಶಸ್ತ್ರಚಿಕಿತ್ಸೆ' ಪ್ರಾಣ ಉಳಿಸುತ್ತದೆ; 1948ರಿಂದ ಪುಣೆಯಲ್ಲಿರುವ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಎರಡೂ ಶಸ್ತ್ರಗಳು ಒಂದೇ ಸೂರಿನಡಿ ಇವೆ.

ರೂಪಕದ ಆಯುಧವನ್ನು ವಾಚ್ಯವೆಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ಪುಣೆ ಕೊಟ್ಟಷ್ಟು ದೊಡ್ಡ ಸಾಕ್ಷಿಯನ್ನು ಬೇರೆ ಊರು ಕೊಟ್ಟಿಲ್ಲ. ಮುಜಫ್ಫರಪುರದ ಬಾಂಬ್ ಪ್ರಕರಣದ ಅನಂತರ 'ಕೇಸರಿ'ಯ 1908ರ ಮೇ 12 ಮತ್ತು ಜೂನ್ 9ರ ಸಂಚಿಕೆಗಳ ಲೇಖನಗಳಿಗಾಗಿ ತಿಲಕರ ಮೇಲೆ ರಾಜದ್ರೋಹದ ಆಪಾದನೆ ಬಂತು. ಎರಡನೆಯ ಲೇಖನದಲ್ಲಿ ಬಾಂಬನ್ನು ಶಸ್ತ್ರಕ್ಕಿಂತ ಹೆಚ್ಚಾಗಿ ಜ್ಞಾನಕ್ಕೂ ಮಂತ್ರ, ತಾಯಿತಗಳಿಗೂ ಹೋಲಿಸಿದ ಭಾಗವಿತ್ತು. ಕಾಯಿದೆಯಿಂದ ಕಸಿದುಕೊಳ್ಳಲಾಗದ್ದು ಅದು ಎಂಬುದು ಅಲ್ಲಿನ ಇಂಗಿತ. ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಓದಿದ್ದು ಮರಾಠಿಯನ್ನಲ್ಲ, ಸರಕಾರಿ ಭಾಷಾಂತರಕಾರನ ಇಂಗ್ಲಿಷನ್ನು. ತಮ್ಮ ವಕಾಲತ್ತನ್ನು ತಾವೇ ವಹಿಸಿಕೊಂಡ ತಿಲಕರು ಭಾಷಾಂತರಕಾರನನ್ನು ಒಂದೊಂದು ಶಬ್ದಕ್ಕಾಗಿ ಪ್ರಶ್ನಿಸಿದರು. ಇಂಗ್ಲಿಷಿನ ರಾಜಕೀಯ ಪರಿಭಾಷೆಗೆ ಮರಾಠಿಯಲ್ಲಿ ಹುಡುಕಿ ಇಟ್ಟ ಸಮಾನಪದಗಳನ್ನು ತಿರುಗಿ ಇಂಗ್ಲಿಷಿಗೆ ತಂದಾಗ ಅವು ಹೇಗೆ ಖಾರವಾಗುತ್ತವೆ ಎಂಬುದನ್ನು ವಿವರಿಸಿದರು. ಅವರ ಮನೆಯಲ್ಲಿ ಸಿಕ್ಕ, ಸ್ಫೋಟಕಗಳ ಬಗೆಗಿನ ಎರಡು ಪುಸ್ತಕಗಳ ಹೆಸರಿದ್ದ ಒಂದು ಕಾರ್ಡು ಸಾಕ್ಷ್ಯವಾಯಿತು. ಸ್ಫೋಟಕಗಳ ಕಾಯಿದೆಯ ಮೇಲೆ ಬರೆಯಲು ಗುರುತು ಮಾಡಿಕೊಂಡದ್ದು ಎಂದು ಅವರು ಹೇಳಿದರು. ಪುಸ್ತಕದ ಹೆಸರೂ ಆಯುಧವಾದ ಗಳಿಗೆ ಅದು. ಜುಲೈ 22ರಂದು ಒಂಬತ್ತು ಮಂದಿ ಜ್ಯೂರಿಗಳಲ್ಲಿ ಏಳು ಮಂದಿ ದೋಷಿ ಎಂದರು. ಆರು ವರ್ಷಗಳ ಶಿಕ್ಷೆ, ಮಂಡಾಲೆ. ಆ ಸೆರೆಮನೆಯಲ್ಲಿ ಬರೆದ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರು ಪುಣೆಯಲ್ಲಿಯೇ ಓದಿದ ಆಲೂರ ವೆಂಕಟರಾಯರು.

ಇಂಗ್ಲಿಷಿನ ಒಂದು ವಿಶೇಷಣ ಕನ್ನಡದಲ್ಲಿ ಆಯುಧವೇ ಆಗಿಬಿಟ್ಟದ್ದೂ ಉಂಟು. ಬೆಂಗಳೂರಿನ ರೌಡಿಗಳ ಬಾಯಲ್ಲಿ 'ಲಾಂಗು' ಎಂದರೆ ಉದ್ದದ ಕತ್ತಿ. 1995ರ 'ಓಂ' ಚಿತ್ರ ಮತ್ತು ಅದನ್ನು ಅನುಸರಿಸಿ ಬಂದವುಗಳಿಂದ 'ಲಾಂಗು ಮಚ್ಚು' ಒಂದು ಜೋಡುನುಡಿಯೇ ಆಯಿತು. ಇಂಗ್ಲಿಷರಿಗೆ ಇದು ಅರ್ಥವಾಗದ ಇಂಗ್ಲಿಷ್. ಇದರಿಂದ ಒಂದು ಅನುಕೂಲವೂ ಇದೆ ಎನ್ನಬೇಕು: ಲಾಂಗಿನಿಂದ ಯಾರೂ ಪೈರು ಕೊಯ್ಯುವುದಿಲ್ಲ, ಆ ಹೆಸರು ಕೆಡುವುದರಿಂದ ಯಾವ ಕಸುಬಿನವನ ಮಾನವೂ ಹೋಗುವುದಿಲ್ಲ. ಪುಣೆಯ ಶಬ್ದಕ್ಕೆ ಆ ಅದೃಷ್ಟವಿಲ್ಲ. ಕನ್ನಡ ಪತ್ರಿಕೆಗಳಿಗೆ ಆ ಸುದ್ದಿಯನ್ನು ಬರೆಯುವವರು 'ಕೋಯ್ತಾ ಗ್ಯಾಂಗ್' ಎಂಬುದನ್ನು ಇಡಿಯಾಗಿ ಎತ್ತಿಕೊಳ್ಳದೆ 'ಪುಂಡರ ತಂಡ' ಎಂದರೆ, ಏನನ್ನು ಬೀಸಿದರು ಎಂಬುದನ್ನು ವಾಕ್ಯದೊಳಗೆ ಹೇಳಿದರೆ, ಸುದ್ದಿಗೆ ಯಾವ ಕೊರತೆಯೂ ಆಗದು.

ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರುಗಳಲ್ಲಿ ಮೊದಲಾಗುತ್ತದೆ. ದೀಪಾವಳಿಯ ಆಚೀಚೆಗೆ ಬೀಡದ ಕಡೆಯಿಂದ ಟ್ರ್ಯಾಕ್ಟರುಗಳು ಎರಡೆರಡು ತೊಟ್ಟಿಗಳನ್ನು ಎಳೆದುಕೊಂಡು ಪುಣೆ, ಸಾತಾರೆ, ಸಾಂಗಲಿಗಳಿಗೆ ಹೊರಡುತ್ತವೆ, ಕೆಲವು ಗಡಿ ದಾಟಿ ಬೆಳಗಾವಿಯತ್ತ ಬರುತ್ತವೆ. ತೊಟ್ಟಿಯಲ್ಲಿ ಹಾಸಿಗೆ, ಪಾತ್ರೆ, ಕೋಳಿ, ಮಕ್ಕಳು, ಹಳೆಯ ಸೀರೆಯಲ್ಲಿ ಸುತ್ತಿದ ಕೋಯ್ತಾಗಳು.